ಟಚಿಂಗ್

ಅಕ್ಟೋಬರ್ 25, 2005, ಮಂಗಳವಾರ

ಮಳೆ ನಿಂತಿದೆ, ಆದರೆ ಮನೆಯೊಳಗಿಂದ ಇನ್ನೂ ಹೋಗಿಲ್ಲ. ಅತ್ತಿಗುಪ್ಪೆಯ ನಮ್ಮ ಬೀದಿಯಲ್ಲಿ ಎಲ್ಲರ ಮನೆಯ ಹಾಸಿಗೆಗಳೂ ಕಾಂಪೌಂಡ್ ಗೋಡೆಯ ಮೇಲೆ ಬಿಸಿಲು ಕಾಯುತ್ತ ಮಲಗಿವೆ. ಬಿಸಿಲು ಬಂದರೆ ತಾನೆ. ಬೆಳಗಿನಿಂದ ಒಂದೇ ಬೂದು ಬೆಳಕು, ಹತ್ತು ಗಂಟೆಯೋ ನಾಲ್ಕು ಗಂಟೆಯೋ ತಿಳಿಯದು. ಇಂಥ ಬೆಳಕಿನಲ್ಲಿ ನಿದ್ದೆಗೂ ಎಚ್ಚರಕ್ಕೂ ನಡುವೆ ತೇಲುವುದೆಂದರೆ ನನಗಿಷ್ಟ. ಇವತ್ತು ಅದಕ್ಕೂ ಕಲ್ಲು ಬಿತ್ತು.

ಅಪ್ಪನ ಕೋಣೆಯ ಗೋಡೆಯಲ್ಲಿ ನೀರು ಇಳಿದು ಅಮ್ಮನ ಫೋಟೋದ ಕಟ್ಟಿನೊಳಗೆ ಸೇರಿಕೊಂಡಿದೆ. ಇಳಿಸಿ ಬಿಚ್ಚಿ ನೋಡಿದರೆ ಫೋಟೋ ಗಾಜಿಗೆ ಕಚ್ಚಿಕೊಂಡಿತ್ತು. ಹುಷಾರಾಗಿಯೇ ಬಿಡಿಸಿದೆ. ಸೀರೆ, ಮಡಿಲಲ್ಲಿಟ್ಟ ಕೈ, ಕುರ್ಚಿ ಕಾಗದದಲ್ಲಿ ಉಳಿದವು. ಮುಖ ಗಾಜಿನ ಜೊತೆ ಹೋಯಿತು. ಒರೆಸಿದರೆ ಬೆರಳಿಗೆ ಬೂದಿಯ ಹಾಗೆ ಬಂತು.

ನನಗೆ ಎರಡು ತುಂಬುವ ಮೊದಲೇ ಹೋದವಳು ಅಮ್ಮ. ಅವಳ ನೆನಪು ನನಗಿಲ್ಲ, ಆ ಫೋಟೋದ ನೆನಪಿದೆ. ಸ್ಕೂಲಿಗೆ ಹೊರಡುವಾಗ ದಿನಾ ಅದರ ಮುಂದೆ ನಿಂತು ಹೋಗುತ್ತಿದ್ದೆ. ಹಾಲಿನಲ್ಲಿ ಅದ್ದಿ ತೆಗೆದಂಥ ಮುಖ. ಮನೆಗೆ ಬಂದವರು ಮೊದಲು ಫೋಟೋ ನೋಡುತ್ತಿದ್ದರು, ಆಮೇಲೆ ನನ್ನನ್ನು. "ಹುಡುಗಿ ಯಾರನ್ನ ಹೋಲ್ತಾಳೆ?" ಅನ್ನುತ್ತಿದ್ದರು. ಅಪ್ಪನೂ ಕೆಂಪಗಿನ ಮನುಷ್ಯ. ಇಬ್ಬರ ನಡುವೆ ನಾನೊಬ್ಬಳು ಕಾಗೆ. ಅಪ್ಪನನ್ನು ಕೇಳಿದರೆ, "ನೀನು ನಿನ್ನ ಥರ ಇದೀಯ ಅನಂತೂ, ಹೋಗು" ಅನ್ನುತ್ತಿದ್ದರು. ಇಷ್ಟಪಟ್ಟು ಮದುವೆಯಾದ ತಪ್ಪಿಗೆ ಎರಡೂ ಕಡೆಯವರು ಇವರನ್ನು ಬಿಟ್ಟುಹಾಕಿದ್ದರು, ಹಾಗಾಗಿ ಕೇಳೋಣವೆಂದರೆ ಅತ್ತೆ, ಚಿಕ್ಕಮ್ಮ ಅಂತ ಯಾರೂ ಇರಲಿಲ್ಲ.

ಸಂಜೆ ದೀಪ ಹಾಕಿದಾಗ ಅಪ್ಪನ ಕಣ್ಣು ಬರಿಯ ಮೊಳೆಯ ಮೇಲೆ ಬಿತ್ತು. ಹೋದ ವರ್ಷ ಸ್ಟ್ರೋಕ್ ಆದಮೇಲೆ ಅವರಿಗೆ ಅಂದಿನದೂ ಇಂದಿನದೂ ಒಂದರೊಳಗೊಂದು ಸೇರಿಹೋಗಿವೆ.

"ಜಗದಾ ಎಲ್ಲಿ ಹೋದ್ಲು?"

ಜಗದಾ ಅಂದರೆ ಅಮ್ಮ. "ಬರ್ತಾಳೆ, ನೀವು ಊಟ ಮಾಡಿ ಅಪ್ಪಾ" ಅಂದೆ.

"ಅವಳು ಬರ್ಲಿ" ಅಂದು ತಟ್ಟೆ ಸರಿಸಿಬಿಟ್ಟರು.


ಅಕ್ಟೋಬರ್ 28, ಶುಕ್ರವಾರ

ದಿನಾ ಸಂಜೆ ಅದೇ ಮಾತು, ಅದೇ ತಟ್ಟೆ. ಎರಡು ಚಮಚ ಗಂಜಿ ಒಳಗೆ ಹೋದರೆ ಹೆಚ್ಚು. ಹಗಲು ಅಪ್ಪನನ್ನು ನೋಡಿಕೊಳ್ಳಲು ಕಾಮಾಕ್ಷಿಪಾಳ್ಯದಿಂದ ಬರುವ ಚಿಕ್ಕಗಂಗಮ್ಮ ಒಂದು ಉಪಾಯ ಹೇಳಿದಳು. "ಒಂದು ಲಕ್ಷ್ಮಿ ಕ್ಯಾಲೆಂಡರ್ ನೇತಾಕ್ಬಿಡಿ ಅಕ್ಕಾ. ಯಜಮಾನ್ರಿಗೆ ಗೋಡೆ ತುಂಬಿದ್ರೆ ಸಾಕು." ನೇತುಹಾಕಿದೆವು. ಅಪ್ಪ ಒಂದು ಗಳಿಗೆ ನೋಡಿ, "ಇವರ ಮನೆಯವರಿಗೆ ಫೋಟೋ ರೆಡಿಯಾಗಿದೆ ಅಂತ ಹೇಳಿಕಳ್ಸು" ಅಂದರು. ಎಷ್ಟೋ ವರ್ಷ ರಾಜಾಜಿನಗರದಲ್ಲಿ ಸ್ಟುಡಿಯೋ ನಡೆಸಿದವರು, ಮಹಾಲಕ್ಷ್ಮಿಯನ್ನೂ ಗಿರಾಕಿ ಮಾಡಿಬಿಟ್ಟರು. ನಾನೂ ಚಿಕ್ಕಗಂಗಮ್ಮನೂ ಅಡುಗೆಮನೆಗೆ ಓಡಿಹೋಗಿ ನಕ್ಕೆವು. ಆಮೇಲೆ ನನಗೆ ಅಳು ಬಂತು.

ಡಾಕ್ಟರು ಬಂದು ನೋಡಿ, "ಹೀಗೇ ಊಟ ಬಿಟ್ರೆ ಅಡ್ಮಿಟ್ ಮಾಡಿ ಮೂಗಿಂದ ಟ್ಯೂಬ್ ಹಾಕ್ಬೇಕಾಗುತ್ತೆ. ಈ ವಯಸ್ಸಲ್ಲಿ ಟ್ಯೂಬ್ ಹಾಕಿದ್ರೆ ತೆಗೆಯೋ ದಿನ ಬರುತ್ತೆ ಅಂತ ನಾನು ಹೇಳಲ್ಲ. ಹೇಗಾದ್ರೂ ಬಾಯಲ್ಲಿ ತಿನ್ನಿಸಿ" ಅಂದು ಹೋದರು.

ಮಧ್ಯಾಹ್ನ ಮುಂದಿನ ಕೋಣೆಗೆ ಒಬ್ಬರು ಬಂದರು. ಅಲ್ಲಿ ನನ್ನ ಡಿಟಿಪಿ ಅಂಗಡಿ: ಒಂದು ಕಂಪ್ಯೂಟರು, ಸ್ಕ್ಯಾನರು, ಕಲರ್ ಪ್ರಿಂಟರು. ಲಗ್ನಪತ್ರಿಕೆ, ಕರಪತ್ರ, ವೈಕುಂಠ ಸಮಾರಾಧನೆಯ ಕಾರ್ಡು ಮಾಡಿಕೊಡುತ್ತೇನೆ. ಪೌಡರ್ ಹಾಕಿಕೊಳ್ಳದೆ ಬಾಗಿಲು ತೆರೆಯುವ ಅಭ್ಯಾಸ ನನಗಿಲ್ಲ, ಅವರು ಅಷ್ಟು ಹೊತ್ತು ಹೊರಗೇ ನಿಂತಿದ್ದರು. ಮಗಳ ಫೋಟೋ ತಂದಿದ್ದರು, ಗಂಡಿನ ಕಡೆಗೆ ಕಳಿಸಲು. "ಸ್ವಲ್ಪ ಬೆಳ್ಳಗೆ ಮಾಡ್ಕೊಡಿ ಮೇಡಂ." ಮಾಡಿಕೊಟ್ಟೆ. ಮೌಸಿನಲ್ಲಿ ಎರಡು ಸಲ ಒತ್ತಿದರೆ ಆಯಿತು.


ಅಕ್ಟೋಬರ್ 30, ಭಾನುವಾರ

ಸಿಕ್ಕಿತು! ಅಟ್ಟದ ಮೇಲಿನ ಟ್ರಂಕಿನಲ್ಲಿ, ಸ್ಟುಡಿಯೋ ಮುಚ್ಚಿದಾಗ ತಂದ ಸಾಮಾನಿನ ಕೆಳಗೆ, ಅಮ್ಮನ ನೆಗೆಟಿವ್ ಸಿಕ್ಕಿತು. ಅಂಗೈಗಿಂತ ಚಿಕ್ಕದು. ಕಿಟಕಿಗೆ ಹಿಡಿದು ನೋಡಿದೆ. ಬೆಳ್ಳಗಿನ ಕೂದಲು, ಕಪ್ಪು ಹಲ್ಲು, ಎಲ್ಲ ತಿರುಗುಮುರುಗು. ಹಗಲಿನಲ್ಲೂ ಒಂದು ಕ್ಷಣ ಹೆದರಿಕೆಯಾಯಿತು. ನಡುವೆ ಸ್ವಲ್ಪ ಕೆಂಪು ತಿರುಗಿದೆ. ವಯಸ್ಸಾದ ಫಿಲ್ಮು, ಪಾಪ.

ಈಗ ಇದರಿಂದ ಫೋಟೋ ಮಾಡಿ ಮೊಳೆಗೆ ಹಾಕಿದರೆ ಅಪ್ಪ ಊಟ ಮಾಡುತ್ತಾರೆ. ನನಗೆ ಬೇಕಾದದ್ದು ಅಷ್ಟೇ. ವಿಜಯನಗರದ ಕಲರ್ ಲ್ಯಾಬಿನವನು, "ಬ್ಲ್ಯಾಕ್ ಅಂಡ್ ವೈಟಾ? ಅದೆಲ್ಲ ಈಗ ಯಾರ್ ಮಾಡ್ತಾರೆ ಆಂಟಿ" ಅಂದ. ಯಾರೂ ಬೇಡ, ನಾನೇ ಮಾಡುತ್ತೇನೆ. ನನ್ನ ಸ್ಕ್ಯಾನರಿನ ಮುಚ್ಚಳದಲ್ಲಿ ಫಿಲ್ಮಿಗೆಂದೇ ಒಂದು ದೀಪವಿದೆ, ಕೊಂಡಂದಿನಿಂದ ಉರಿಸಿಯೇ ಇಲ್ಲ.


ನವೆಂಬರ್ 2, ಬುಧವಾರ

ರಾಜ್ಯೋತ್ಸವದ ಕರಪತ್ರಗಳ ಗಲಾಟೆ ನಿನ್ನೆಗೆ ಮುಗಿಯಿತು. ಇವತ್ತು ಅಮ್ಮನನ್ನು ಸ್ಕ್ಯಾನರಿನಲ್ಲಿ ಮಲಗಿಸಿದೆ. ದೀಪ ನಿಧಾನವಾಗಿ ಅವಳ ಕೆಳಗೆ ಹರಿದು ಹೋಯಿತು. ಹೊರಗೆ ಮೋಡ, ಒಳಗೆ ಅದೊಂದೇ ಬೆಳಕು. ಯಾರೋ ದೂರದಿಂದ ಲಾಂದ್ರ ಹಿಡಿದು ಬರುತ್ತಿರುವಂತೆ ಇತ್ತು.

ಅಭ್ಯಾಸಬಲ, ಕಪ್ಪುಬಿಳುಪು ಅಂತ ಬದಲಾಯಿಸದೆ ಕಲರಿನಲ್ಲೇ ಸ್ಕ್ಯಾನ್ ಮಾಡಿದ್ದೇನೆ. ಲಗ್ನಪತ್ರಿಕೆಯ ಗಣಪತಿಗಳನ್ನು ಮಾಡಿ ಮಾಡಿ ಕೈಗೆ ಅದೇ ರೂಢಿ. ಆದರೇನು, ಕಪ್ಪುಬಿಳುಪು ಕಲರಿನಲ್ಲೂ ಕಪ್ಪುಬಿಳುಪೇ. ಮಾನಿಟರಿನಲ್ಲಿ ಮುಖದ ಹತ್ತಿರ ಹಸಿರು ಕಾಣಿಸಿತು. ನನ್ನ ಮಾನಿಟರಿಗೆ ಸ್ಪೀಕರ್ ಪಕ್ಕದಲ್ಲಿಟ್ಟರೆ ಬಣ್ಣ ಬಣ್ಣದ ಕಲೆ ಏಳುವ ಕಾಯಿಲೆ ಮೊದಲಿನಿಂದಲೂ ಇದೆ, ಅದೇ ಇರಬೇಕೆಂದು ಪ್ರಿಂಟ್ ಕೊಟ್ಟೆ.

ಸೀರೆ ಬೂದು, ಕುರ್ಚಿ ಬೂದು, ಮುಖ ಹಸಿರು! ಚಿಕ್ಕಗಂಗಮ್ಮ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ, ಇದೇನಕ್ಕಾ, ಗ್ರಾಮದೇವತೆ ಕೂತಂಗೆ ಕೂತವ್ರೆ!"

ಆದರೂ ಆಸೆ ನೋಡಿ, ಅಪ್ಪನಿಗೆ ತೋರಿಸಿದೆ. "ಇವಳಲ್ಲ" ಅಂದು ಗೋಡೆಯ ಕಡೆ ತಿರುಗಿ ಮಲಗಿದರು.


ನವೆಂಬರ್ 4, ಶುಕ್ರವಾರ

ಇಂಕು ತುಂಬಿಸುವ ಅಂಗಡಿಯ ದುಂಡೇಶನನ್ನು ಚೆನ್ನಾಗಿ ಬೈಯಬೇಕೆಂದು ಹೊರಟೆ. ಮೋಡ ಹರಿದು ಬಿಸಿಲು ಬಂದಿತ್ತು. ಕೊಡೆ ಇಲ್ಲದೆ ಬಿಸಿಲಿಗೆ ಹೋಗುವವಳಲ್ಲ ನಾನು, ಇರುವ ಕಪ್ಪೇ ಸಾಕು. ದುಂಡೇಶ ಬಿಜಾಪುರದ ಕಡೆಯವನು, ಮೂವತ್ತರ ಹತ್ತಿರದ ಮನುಷ್ಯ, ಶ್ರೀಗಂಧದ ಕಾವಲಿನಲ್ಲಿ ಮನೆ. ಬೈಗುಳವನ್ನು ಪೂರ್ತಿ ಕೇಳಿಸಿಕೊಂಡು ಕಾರ್ಟ್ರಿಜ್ ತೆಗೆದು ನೋಡಿದ.

"ಇಂಕಿಗೆ ಏನೂ ಆಗಿಲ್ರಿ ಮೇಡಂ. ಎಲ್ಲಾ ಬಣ್ಣ ಛಲೋ ಬರಾಕತ್ತಾವ."

"ಹಾಗಾದ್ರೆ ಮುಖ ಯಾಕೆ ಹಸಿರು?"

"ಕಲರ್ ಪ್ರಿಂಟರ್‌ದಾಗ ಬೂದಿ ಬಣ್ಣ ಅಂತ ಬ್ಯಾರೆ ಇರೂದಿಲ್ರಿ. ಮೂರೂ ಬಣ್ಣ ಕೂಡಿ ಬೂದಿ ಆಗ್ತಾವ. ಒಂದು ಹೆಚ್ಚಾತಂದ್ರ ಅದರ ಮಾರಿ ಕಾಣತೈತಿ. ಬರೀ ಕರೀ ಇಂಕಿನಾಗ ಹೊಡದು ನೋಡ್ರಿ."

ಮೂರು ಬಣ್ಣ ಸೇರಿ ಬೂದು ಆಗುತ್ತದೆ ಎನ್ನುವುದು ನನ್ನ ತಲೆಯಲ್ಲೇ ಕೂತಿತು. ದಾರಿಯುದ್ದಕ್ಕೂ ಬೂದು ಕಂಡಲ್ಲೆಲ್ಲ ನಿಂತು ನೋಡಿದೆ. ಕರೆಂಟ್ ಕಂಬ, ಪಾರಿವಾಳ, ಯಾರದೋ ಮನೆಯ ಸಿಮೆಂಟಿನ ತೊಟ್ಟಿ. ಪಾರಿವಾಳದ ಕತ್ತಿನಲ್ಲಿ ನಿಜಕ್ಕೂ ಮೂರು ಬಣ್ಣವಿದೆ.


ನವೆಂಬರ್ 6, ಭಾನುವಾರ

ಬರೀ ಕಪ್ಪು ಇಂಕಿನಲ್ಲಿ ತೆಗೆದೆ. ಹಸಿರು ಹೋಯಿತು, ಹಳೆಯ ಬೆಳ್ಳಗಿನ ಮುಖ ಬಂತು. ಆದರೆ ಕಾಗದದ ಮೇಲೆ ರಾಗಿಹಿಟ್ಟು ಉದುರಿಸಿದ ಹಾಗೆ ಚುಕ್ಕೆ ಚುಕ್ಕೆ. ಹತ್ತಿರ ಹಿಡಿದರೆ ಅಮ್ಮ ಇಲ್ಲ, ದೂರ ಹಿಡಿದರೆ ಇದ್ದಾಳೆ. ಅಪ್ಪ ದೂರದಿಂದಲೂ ಹತ್ತಿರದಿಂದಲೂ ನೋಡಿ, "ಇವಳಲ್ಲ" ಅಂದರು. ಇದು ಅದೇ ಫೋಟೋ ಅಲ್ಲವೆ, ಇಷ್ಟು ವರ್ಷ ಗೋಡೆಯ ಮೇಲಿದ್ದದ್ದು? ನನಗೆ ರೇಗಿತು. ಗಂಜಿಯ ಬಟ್ಟಲನ್ನು ಸ್ವಲ್ಪ ಜೋರಾಗಿಯೇ ಇಟ್ಟೆ.

ಮಧ್ಯಾಹ್ನ ಕುರ್ಚಿಯಲ್ಲೇ ಕಣ್ಣು ಮುಚ್ಚಿತು. ಕನಸಿನಲ್ಲಿ ಅಮ್ಮ ನನ್ನ ಪೌಡರ್ ಡಬ್ಬಿ ತೆಗೆದುಕೊಂಡು ಮುಖಕ್ಕೆ ಹಚ್ಚಿಕೊಳ್ಳುತ್ತಿದ್ದಳು. ಹಚ್ಚಿದಷ್ಟೂ ಅವಳು ಕಾಣಿಸದಾಗುತ್ತಿದ್ದಳು. ಕೊನೆಗೆ ಬಿಳಿ ಗೋಡೆಯ ಮುಂದೆ ಒಂದು ಸೀರೆ ಮಾತ್ರ ಕೂತಿತ್ತು. "ಸಾಕಮ್ಮಾ" ಅಂದೆ. ನನ್ನ ದನಿಗೇ ಎಚ್ಚರವಾಯಿತು.


ನವೆಂಬರ್ 9, ಬುಧವಾರ

ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಹಸಿರು ಪ್ರಿಂಟು, ಚುಕ್ಕೆ ಪ್ರಿಂಟು, ಗಾಜಿಗೆ ಮುಖ ಕಳೆದುಕೊಂಡ ಹಳೆಯ ಫೋಟೋ, ಮೂರನ್ನೂ ಕಿಟಕಿಯ ಹತ್ತಿರ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೆ. ಪ್ರಿಂಟರ್ ಕೆಟ್ಟಿದ್ದರೆ ಸೀರೆಯೂ ಹಸಿರಾಗಬೇಕಿತ್ತು. ಹಸಿರು ಮುಖದಲ್ಲಿ ಮಾತ್ರ ಇದೆ. ಅದೂ ಕೂದಲಿನ ಅಂಚಿನಲ್ಲಿ, ಕೆನ್ನೆಯ ಅಂಚಿನಲ್ಲಿ, ಗದ್ದದ ಕೆಳಗೆ ಕುಂಚದಲ್ಲಿ ತೀಡಿದ ಹಾಗೆ ನಿಂತಿದೆ. ಆಮೇಲೆ ಕೈ ನೋಡಿದೆ. ಮಡಿಲಲ್ಲಿಟ್ಟ ಅಮ್ಮನ ಕೈ ಮೂರರಲ್ಲೂ ಕಪ್ಪಗಿದೆ. ನೆರಳಿನಲ್ಲಿರುವ ಕೈ ಅಂತ ಯಾರೂ ಗಮನಿಸಿರಲಿಲ್ಲ. ನಾನು ಇಷ್ಟು ವರ್ಷ ಮುಖವನ್ನಷ್ಟೇ ನೋಡಿದವಳು, ಕೈ ನೋಡಿಯೇ ಇರಲಿಲ್ಲ.

ನೆಗೆಟಿವ್ ಎತ್ತಿ ಬೆಳಕಿಗೆ ಹಿಡಿದೆ. ಕೆಂಪು ಮುಖದ ಮೇಲೆ ಮಾತ್ರ. ವಯಸ್ಸಿನ ಕೆಂಪಲ್ಲ, ಹಚ್ಚಿದ ಕೆಂಪು.

ಟಚಿಂಗ್! ಸ್ಟುಡಿಯೋದಲ್ಲಿ ಬೆಳೆದ ನನಗೆ ಇದು ಮೊದಲ ದಿನವೇ ಹೊಳೆಯಬೇಕಿತ್ತು. ಮದುವೆಯ ಹೆಣ್ಣುಮಕ್ಕಳ ನೆಗೆಟಿವ್ ಮೇಲೆ ಅಪ್ಪ ಸಣ್ಣ ಕುಂಚದಿಂದ ಕೆಂಪು ನೀರುಬಣ್ಣ ಹಚ್ಚುತ್ತಿದ್ದರು. ಕೆಂಪು ಬೆಳಕನ್ನು ತಡೆಯುತ್ತದೆ, ತಡೆದ ಜಾಗ ಫೋಟೋದಲ್ಲಿ ಬೆಳ್ಳಗೆ ಬರುತ್ತದೆ. ಕೆಂಪು ಹಚ್ಚಿದರೆ ಹುಡುಗಿ ಕೆಂಪಗಾಗುತ್ತಾಳೆ ಅಂತ ನಗುತ್ತಿದ್ದರು. ಕಪ್ಪುಬಿಳುಪಿನಲ್ಲಿ ಸ್ಕ್ಯಾನ್ ಮಾಡಿದ್ದರೆ ಆ ಕೆಂಪು ಬರಿಯ ಬಿಳುಪಾಗಿ ಬಂದು ನನಗೆ ಗೊತ್ತೇ ಆಗುತ್ತಿರಲಿಲ್ಲ. ಕಲರಿನಲ್ಲಿ ಮಾಡಿದ್ದರಿಂದ ಕೆಂಪು ತಿರುಗುಮುರುಗಾಗಿ ಹಸಿರಾಯಿತು.

ಅಂದರೆ ಅಮ್ಮ ಬೆಳ್ಳಗಿರಲಿಲ್ಲ.

ನನಗೆ ಇಪ್ಪತ್ತೆರಡಾಗಿದ್ದಾಗ ಗಂಡಿನ ಕಡೆಯವರು ಬಂದಿದ್ದರು. ಅವರಿಗೆ ಕಳಿಸಿದ್ದ ನನ್ನ ಫೋಟೋಗೂ ಅಪ್ಪ ಇದೇ ಕೆಂಪು ಹಚ್ಚಿದ್ದರು. ನಾನು ಕಾಫಿ ತಂದಿಟ್ಟೆ. ಹುಡುಗನ ತಾಯಿ ನನ್ನನ್ನು ನೋಡಿ, "ಫೋಟೋದಲ್ಲಿರೋ ಹುಡುಗೀನ ಕರೀರಿ" ಅಂದರು. ಆಮೇಲೆ ನಾನು ಯಾರಿಗೂ ಕಾಫಿ ತಂದಿಡಲಿಲ್ಲ.


ನವೆಂಬರ್ 10, ಗುರುವಾರ

ಇವತ್ತು ಅಪ್ಪನ ಜೊತೆ ಮಾತಾಡಲಿಲ್ಲ. ಅವರಿಗೆ ಅದು ತಿಳಿಯಲೂ ಇಲ್ಲ.


ನವೆಂಬರ್ 11, ಶುಕ್ರವಾರ

ಕೋಪ ಒಂದು ಕಡೆ, ಗಂಜಿ ಒಂದು ಕಡೆ. ಇವತ್ತು ಒಂದೇ ಚಮಚ. ಕಾಲರ್‌ಬೋನ್ ಎದ್ದು ಕಾಣುತ್ತಿದೆ. ಡಾಕ್ಟರು ಫೋನಿನಲ್ಲಿ, "ಮುಂದಿನ ವಾರ ಅಡ್ಮಿಟ್ ಮಾಡಿಬಿಡೋಣ" ಅಂದರು.

ಕೆಂಪನ್ನು ತೊಳೆಯಬಹುದು, ನೀರುಬಣ್ಣವೇ ತಾನೆ. ಬಟ್ಟಲಿನಲ್ಲಿ ನೀರು ತುಂಬಿ, ನೆಗೆಟಿವ್ ಹಿಡಿದು ನಿಂತೆ. ಮುಳುಗಿಸಲು ಧೈರ್ಯ ಬರಲಿಲ್ಲ. ಇಷ್ಟು ಹಳೆಯ ಫಿಲ್ಮು, ಬಣ್ಣದ ಜೊತೆ ಅವಳೂ ಎದ್ದು ಬಂದುಬಿಟ್ಟರೆ? ನೀರನ್ನು ತುಳಸಿಗೆ ಹಾಕಿದೆ.

ಆಮೇಲೆ ಕಂಪ್ಯೂಟರಿನ ಮುಂದೆ ಸುಮ್ಮನೆ ಕೂತಿದ್ದಾಗ ದುಂಡೇಶನ ಮಾತು ನೆನಪಾಯಿತು. ಮೂರು ಸೇರಿ ಬೂದಾಗುವುದಾದರೆ ಮೂರನ್ನೂ ಬಿಡಿಸಿಯೂ ನೋಡಬಹುದಲ್ಲ. ಕಂಪ್ಯೂಟರ್ ಪ್ರತಿಯೊಂದು ಚಿತ್ರವನ್ನೂ ಕೆಂಪು, ಹಸಿರು, ನೀಲಿ ಅಂತ ಮೂರು ಪದರವಾಗಿ ಇಟ್ಟುಕೊಂಡಿರುತ್ತದೆ. ನೀಲಿಯ ಪದರ ತೆರೆದೆ. ಗೋಡೆಯ ಮೇಲಿದ್ದ ಹಾಲಿನಂಥ ಅಮ್ಮ. ಹಸಿರು, ಅವಳೇ. ಕೆಂಪು ತೆರೆದೆ. ಕೆಂಪು ಬೆಳಕಿಗೆ ಕೆಂಪು ಬಣ್ಣ ಅಡ್ಡವಾಗುವುದಿಲ್ಲ. ಹಚ್ಚಿದ್ದೆಲ್ಲ ಮಾಯವಾಗಿ ಅಮ್ಮ ಬಂದಳು.

ಕಪ್ಪು. ನನ್ನಷ್ಟೇ ಕಪ್ಪು. ಕೈ, ಕುತ್ತಿಗೆ, ಮುಖ ಎಲ್ಲ ಒಂದೇ ಆಯಿತು. ಇಷ್ಟು ದಿನ ಮುಖ ಒಬ್ಬರದು, ಕೈ ಇನ್ನೊಬ್ಬರದಾಗಿ ಕೂತಿದ್ದವಳು ಇವಳು. ನಗುವನ್ನು ತಡೆದುಕೊಂಡು ಕೂತಿದ್ದಾಳೆ ಅಂತ ನನಗೆ ಇವತ್ತೇ ಗೊತ್ತಾಯಿತು. ಬಿಳುಪಿನಲ್ಲಿ ಆ ನಗುವೇ ಅಳಿಸಿಹೋಗಿತ್ತು. ಎಷ್ಟು ಹೊತ್ತು ನೋಡಿದೆನೋ. ಎಲ್ಲೋ ನೋಡಿದ ಮುಖ ಅನ್ನಿಸುತ್ತಿದೆ, ಎಲ್ಲಿ ಅಂತ ಹೊಳೆಯುತ್ತಿಲ್ಲ.


ನವೆಂಬರ್ 13, ಭಾನುವಾರ

ಅಪ್ಪನಿಗೆ ಕೆಲವು ಬೆಳಗ್ಗೆ ಮೋಡ ಸರಿದ ಹಾಗೆ ಎಲ್ಲ ತಿಳಿಯಾಗುತ್ತದೆ. ಇವತ್ತು ಅಂಥ ಬೆಳಗ್ಗೆ. ಅವರ ಮಂಚದ ಮೇಲೆ ಕೂತು ನೆಗೆಟಿವನ್ನು 'ಜಗದಾಂಬಾ' ಎಂದು ಬರೆದ ಲಕೋಟೆಗೆ ಸೇರಿಸುತ್ತಿದ್ದೆ.

"ಅದಕ್ಕೆ ನೀರು ಮುಟ್ಟಿಸ್ಬೇಡ" ಅಂದರು.

ನಾನು ಬೆಚ್ಚಿದೆ. "ಇಲ್ಲಪ್ಪಾ. ಟಚಿಂಗ್ ಮಾಡಿದೀರಿ, ಅಲ್ವಾ?"

"ಅವಳೇ ಕೇಳಿದ್ದು. ಊರಿಗೆಲ್ಲ ಬೆಳ್ಳಗೆ ಮಾಡ್ಕೊಡ್ತೀರಿ, ನನಗೂ ಮಾಡಿ, ಹೇಗಿರ್ತೀನಿ ನೋಡೇಬಿಡೋಣ ಅಂದ್ಲು. ಮಾಡ್ದೆ. ನೋಡಿ ಹೊಟ್ಟೆ ಹಿಡ್ಕೊಂಡು ನಕ್ಕಳು. ಯಾರ್ರೀ ಇವಳು, ನಿಮ್ಮ ಎರಡನೇ ಹೆಂಡ್ತೀನಾ ಅಂದ್ಲು." ಅಪ್ಪನೂ ನಕ್ಕರು. ಅವರು ನಕ್ಕು ಎಷ್ಟು ಕಾಲವಾಗಿತ್ತು. "ತೊಳೀರಿ ಇದನ್ನ, ನನ್ನ ಮುಖ ನನಗೆ ಕೊಡಿ ಅಂದ್ಲು. ನಾಳೆ ತೊಳೀತೀನಿ ಅಂದೆ."

"ಆಮೇಲೆ?"

"ಕಾಮಾಲೆ ಬಂತಲ್ಲ." ಲಕೋಟೆಯ ಮೇಲಿನ ಹೆಸರನ್ನು ಬೆರಳಿನಿಂದ ಸವರಿದರು. "ಊರವರ ಫೋಟೋ ತೆಗೆಯೋನ ಮನೇಲಿ ಹೆಂಡ್ತಿದು ಇದ್ದಿದ್ದು ಅದೊಂದೇ. ನೀರಿಗೆ ಹಾಕ್ದಾಗ ಪದರ ಎದ್ದು ಬಂದಿದ್ರೆ ಅವಳು ಇನ್ನೊಂದ್ಸಲ ಹೋಗ್ತಿದ್ಲು."

"ನನಗಾದ್ರೂ ಹೇಳ್ಬಹುದಿತ್ತಲ್ಲಪ್ಪಾ."

"ನೀನು ದಿನಾ ಅದರ ಮುಂದೆ ನಿಲ್ತಿದ್ದೆ. ಅದು ಅವಳಲ್ಲ ಅಂತ ಹೇಗೆ ಹೇಳ್ಲಿ ಮಗು?"

ಆ ಮಾತಿಗೆ ನನ್ನ ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ. ಅವರ ಕೈ ಹಿಡಿದುಕೊಂಡು ಅತ್ತೆ. ಎಷ್ಟೋ ಸಂಜೆ ಅವರೂ ಅದೇ ಫೋಟೋ ನೋಡುತ್ತ, ಅದರೊಳಗಿನ ಇನ್ನೊಬ್ಬಳನ್ನು ನೆನೆಯುತ್ತ ಕೂತಿರಬೇಕು. ಒಬ್ಬರೇ. ಮೇಲಿದ್ದವಳು ಹೋದಮೇಲೆ ಒಳಗಿದ್ದವಳನ್ನು ಹುಡುಕುತ್ತಿದ್ದಾರೆ. ಇನ್ನೇನೋ ಕೇಳಬೇಕೆಂದು ತಲೆಯೆತ್ತಿದರೆ ಮೋಡ ಮತ್ತೆ ಕವಿದಿತ್ತು.

"ಜಗದಾ ಎಲ್ಲಿ?" ಅಂದರು.


ನವೆಂಬರ್ 15, ಮಂಗಳವಾರ

ಕೆಂಪು ಪದರದ ಅಮ್ಮನನ್ನು ಮೂರೂ ಇಂಕಿನಲ್ಲಿ ತೆಗೆದೆ. ದುಂಡೇಶ ಹೇಳಿದ ಹೊಳಪಿಲ್ಲದ ದಪ್ಪ ಕಾಗದ. ಚುಕ್ಕೆಯಿಲ್ಲ, ನುಣುಪು. ಆದರೆ ಇದಕ್ಕೂ ಒಂದು ಹುಚ್ಚಿದೆ. ಟ್ಯೂಬ್‌ಲೈಟಿನಲ್ಲಿ ಅಚ್ಚ ಬೂದು, ಕಿಟಕಿಗೆ ತಂದರೆ ನಸುಗೆಂಪು. ಅಡುಗೆಮನೆಯ ಹಳೆಯ ಬಲ್ಬಿನಡಿ ಬೆಲ್ಲದ ಬಣ್ಣ. ಅವಳನ್ನು ಕೈಯಲ್ಲಿ ಹಿಡಿದುಕೊಂಡು ಕೋಣೆಯಿಂದ ಕೋಣೆಗೆ ನಡೆದೆ. ಒಂದೊಂದು ಬಾಗಿಲು ದಾಟಿದಾಗಲೂ ಬೇರೆ ಬೇರೆಯಾಗುತ್ತಿದ್ದಳು. ಇಡೀ ಮನೆ ಸುತ್ತಿಸಿದೆ. ಇದು ಹಿತ್ತಿಲಮ್ಮಾ, ಇದು ನನ್ನ ಅಂಗಡಿ, ಅಂತ ಮನಸ್ಸಿನಲ್ಲೇ ಹೇಳಿಕೊಂಡು.

ದುಂಡೇಶನಿಗೆ ಫೋನ್ ಮಾಡಿದೆ. "ನಂಬರ್ ಹೇಳ್ತೀನಿ, ಹಾಕ್ರಿ ಮೇಡಂ, ಎಲ್ಲಾ ಕಡೆ ಒಂದ ಬಣ್ಣ ಕಾಣತೈತಿ. ಮತ್ತ ನಿಮ್ಮ ಛತ್ರಿ ಮೊನ್ನೆ ಇಲ್ಲೇ ಬಿಟ್ಟು ಹೋಗೀರಿ." ಮೊನ್ನೆ ಕಾಗದ ತರಲು ನಡುಮಧ್ಯಾಹ್ನ ಹೋಗಿದ್ದೆ, ಅಲ್ಲಿಂದ ಹಾಗೇ ನಡೆದುಬಂದಿರಬೇಕು. ಇರಲಿ, ಯಾವಾಗಲಾದರೂ ತಂದರಾಯಿತು. ನಂಬರನ್ನು ಬರೆದುಕೊಂಡೆ, ಹಾಕಲಿಲ್ಲ. ಇದನ್ನೂ ತಿದ್ದಿದರೆ ಅದೂ ಟಚಿಂಗೇ ಅಲ್ಲವೆ.

ಮಗಳ ಫೋಟೋದವರು ಮತ್ತೆ ಬಂದಿದ್ದರು, ಇನ್ನೊಂದು ಗಂಡಿಗೆ ಕಳಿಸಬೇಕಂತೆ. ಬಾಗಿಲು ತಟ್ಟಿದ ತಕ್ಷಣ ಎದ್ದುಹೋಗಿ ತೆರೆದೆ. "ಇದ್ದ ಹಾಗೇ ಕಳ್ಸಿ, ಚೆನ್ನಾಗಿದಾಳೆ" ಅಂದೆ. ಮುಖ ಗಂಟು ಹಾಕಿಕೊಂಡು ಬೇರೆ ಅಂಗಡಿಗೆ ಹೋದರು. ಹೋಗಲಿ.


ನವೆಂಬರ್ 17, ಗುರುವಾರ

ಕಟ್ಟು ಹಾಕುವವನು ಶನಿವಾರ ಕೊಡುತ್ತೇನೆ ಅಂದಿದ್ದಾನೆ. ಸೋಮವಾರಕ್ಕೆ ಆಸ್ಪತ್ರೆಯಲ್ಲಿ ಹಾಸಿಗೆ ಗೊತ್ತಾಗಿದೆ. ಟ್ಯೂಬಿನ ಯೋಚನೆ ಬಂದರೆ ನನ್ನ ಮೂಗೇ ಉರಿಯುತ್ತದೆ. ಬಿಳಿಯವಳನ್ನೇ 'ಇವಳಲ್ಲ' ಅಂದವರು, ಇವಳನ್ನೂ ಹಾಗೇ ಅಂದರೆ ನನ್ನಲ್ಲಿ ಬೇರೆ ಪದರ ಉಳಿದಿಲ್ಲ.

ಅಮ್ಮ ಕನಸಿನಲ್ಲಿ ಬಂದಿದ್ದಳು. ಕಪ್ಪಗೇ ಬಂದಿದ್ದಳು. ಬೀದಿಯ ನಲ್ಲಿಯಲ್ಲಿ ಮುಖ ತೊಳೆದುಕೊಂಡು, ಸೆರಗಿನಲ್ಲಿ ಒರೆಸಿಕೊಂಡು, ಅಂಥ ವಿಶೇಷವೇನೂ ಇಲ್ಲದ ಹಾಗೆ ಒಳಗೆ ಹೋದಳು.


ನವೆಂಬರ್ 19, ಶನಿವಾರ

ಬೆಳಗ್ಗೆ ಕಟ್ಟು ಬಂತು. ಕಟ್ಟಿನ ಅಂಗಡಿಯಿಂದ ತರುವಾಗ ಕಾಕಡ ಹೂವಿನ ಮಾಲೆ ಕೊಂಡೆ. ಹೊಸ ಫೋಟೋ, ಬರಿದಾಗಿ ಹಾಕುವುದು ಬೇಡವೆಂದು. ಮೊಳೆಗೆ ತಗುಲಿಸಿ, ಹೂವಿನ ಹಾರ ಇಳಿಬಿಟ್ಟು, ಕಿಟಕಿ ಪೂರ್ತಿ ತೆರೆದೆ. ಬಿಸಿಲು ನೇರ ಅವಳ ಮೇಲೆ ಬಿದ್ದು ನಸುಗೆಂಪಾದಳು. ಚಿಕ್ಕಗಂಗಮ್ಮ ಅಪ್ಪನನ್ನು ದಿಂಬಿಗೆ ಒರಗಿಸಿ ಕೂರಿಸಿದಳು.

ಅಪ್ಪ ನೋಡಿದರು. ಅವರ ಹುಬ್ಬು ಗಂಟಿಕ್ಕಿತು.

"ಹಾರ ಯಾಕೆ ಹಾಕಿದೀಯ?"

"ಅಪ್ಪಾ, ಇದು..."

"ಬದುಕಿರೋರ ಫೋಟೋಗೆ ಹಾರ ಹಾಕ್ತಾರೇನೇ? ಬಿಡ್ತು ಅನ್ನು. ತೆಗಿ ಮೊದ್ಲು."

ಅವರು ಫೋಟೋವನ್ನೇ ನೋಡುತ್ತಿದ್ದರು, ಕೆಲಸ ಬಲ್ಲವರು ಇನ್ನೊಬ್ಬರ ಕೆಲಸ ನೋಡುವ ಹಾಗೆ, ತಲೆ ಓರೆ ಮಾಡಿ.

"ಯಾವಾಗ ತೆಗೆಸ್ಕೊಂಡೆ ಅನಂತೂ? ಟಚಿಂಗೇ ಮಾಡಿಲ್ಲ. ತೆಗೆದೋನು ಒಳ್ಳೇ ಕೆಲಸಗಾರ. ನೀನು ಇರೋದೇ ಹೀಗೆ."

ಚಿಕ್ಕಗಂಗಮ್ಮ ಒಮ್ಮೆ ಗೋಡೆಯನ್ನೂ ಒಮ್ಮೆ ನನ್ನನ್ನೂ ನೋಡಿದಳು. "ಹೌದಲ್ವೇನಕ್ಕಾ!" ಅಂದಳು. "ಕಣ್ಣು, ಮೂಗು, ಎಲ್ಲಾ ನೀವೇ!"

ನಾನು ಕಟ್ಟಿನ ಗಾಜಿನ ಹತ್ತಿರ ಹೋದೆ. ಗಾಜಿನೊಳಗೆ ಅಮ್ಮ ಇದ್ದಳು, ಗಾಜಿನ ಮೇಲೆ ನಾನು. ಯಾರ ಮುಖದ ಗೆರೆ ಎಲ್ಲಿ ಮುಗಿಯಿತು ಅಂತ ಹೇಳಲು ಆಗಲಿಲ್ಲ. ಇದು ನಾನಲ್ಲ, ನಿಮ್ಮ ಜಗದಾ, ಅಂತ ತಿದ್ದಬೇಕಿತ್ತು. ತಿದ್ದಲಿಲ್ಲ. ನನಗೆ ಅಷ್ಟು ಸಂತೋಷವಾಗಿತ್ತು.

ಹಾರ ತೆಗೆದೆ. ಹೂವು ಎಸೆಯಲು ಮನಸ್ಸು ಬರದೆ ಚಿಕ್ಕಗಂಗಮ್ಮ ಅದನ್ನು ಮಡಿಸಿ ನನ್ನ ತುರುಬಿಗೆ ಸುತ್ತಿದಳು. ಹೂ ಮುಡಿದು ಎಷ್ಟು ವರ್ಷವಾಗಿತ್ತೋ. ಮಧ್ಯಾಹ್ನ ಅಪ್ಪ ಗಂಜಿ ಮುಟ್ಟಲಿಲ್ಲ. ಆ ಸಂತೋಷದ ನಡುವೆಯೂ ಸೋಮವಾರದ ಆಸ್ಪತ್ರೆ ನೆನಪಾಯಿತು. ಅವರಿಗೆ ಮಗಳ ಫೋಟೋ ಸಿಕ್ಕಿದೆ, ಹೆಂಡತಿ ಇನ್ನೂ ಬಂದಿಲ್ಲ.

ಸಂಜೆ ದೀಪ ಹಾಕಿ, ಬಿಸಿ ಅನ್ನಕ್ಕೆ ಸಾರು, ತುಪ್ಪ ಹಾಕಿಕೊಂಡು ಅವರ ಕೋಣೆಯ ಬಾಗಿಲಿಗೆ ಬಂದೆ. ಅಪ್ಪ ಗೋಡೆಯ ಕಡೆ ನೋಡಲಿಲ್ಲ, ಬಾಗಿಲ ಕಡೆ ತಿರುಗಿದರು. ನನ್ನ ಮುಖ ನೋಡಿದರು, ಹೂವು ನೋಡಿದರು.

"ಬಂದ್ಯಾ?" ಅಂದರು. "ಎಷ್ಟೊತ್ತು ಮಾಡ್ದೆ ಜಗದಾ."

"ಬಂದೆ" ಅಂದೆ.

ಪಕ್ಕದಲ್ಲಿ ಕೂತು ಅನ್ನ ಕಲಸಿ ಕೊಟ್ಟೆ. ಪೂರ್ತಿ ಊಟ ಮಾಡಿದರು. ಮೊಸರನ್ನ ಇನ್ನೊಂದು ತುತ್ತು ಬೇಕೆಂದರು, ಅದನ್ನೂ ಕೊಟ್ಟೆ.